ಗಾಜಿನ ಪೆಟ್ಟಿಗೆಯ ಕಡಲಕುದುರೆಗಳು

ಮಾರ್ಚ್ 4, ಶನಿವಾರ

ರಕ್ತದೊತ್ತಡ ಬರೆದಿಡಲು ದವಾಖಾನೆಯವರು ಕೊಟ್ಟ ಪುಸ್ತಕ ಇದು. ಇವತ್ತು ನೂರ ಎಪ್ಪತ್ತು. ಯಾಕೆ ಏರಿತು ಎಂದು ಬರೆಯಲು ಅವರು ಜಾಗ ಬಿಟ್ಟಿಲ್ಲ. ನಾನೇ ಬಿಟ್ಟುಕೊಂಡು ಬರೆಯುತ್ತೇನೆ. ಮೂರನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ, ಯಾರೂ ಓದುವುದು ಬೇಡ.

ಸೊಸೆ ಥಾಮ್ ಮನೆಗೆ ಒಂದು ಗಾಜಿನ ಪೆಟ್ಟಿಗೆ ತರಿಸಿದ್ದಾಳೆ. ಮಗುವಿನ ಶವಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗಿದೆ. ಅವಳು ಕೆಲಸಕ್ಕೆ ಹೋಗುವ ಸಿಗಡಿಮರಿ ಕೇಂದ್ರದಿಂದ ಇಬ್ಬರು ಗಂಡಸರು ಹೊತ್ತು ತಂದರು. ನನ್ನ ಅಕ್ಕಿ ಪೆಟ್ಟಿಗೆಯನ್ನು ಒಂದು ಮಾತೂ ಕೇಳದೆ ಅಡುಗೆಮನೆಗೆ ತಳ್ಳಿ, ಆ ಜಾಗದಲ್ಲಿ, ಕಿಯೆನ್‌ನ ಮಂಚದ ಪಕ್ಕ, ಇದನ್ನು ನಿಲ್ಲಿಸಿ ಹೋದರು. ಇದರಲ್ಲಿ ಕಡಲಕುದುರೆ ಸಾಕುತ್ತಾಳಂತೆ. ಮನೆಯಿಂದ ನೂರು ಹೆಜ್ಜೆ ಹಾಕಿದರೆ ಕಡಲು. ಅದು ಸಾಲದು ಅಂತ ಕೋಣೆಯೊಳಗೊಂದು.

ಕಿಯೆನ್ ನನ್ನ ಒಬ್ಬನೇ ಮಗ. ದೋಣಿಯಿಂದ ಬಿಟ್ಟ ಗಾಳಿಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ಕಡಲ ತಳಕ್ಕೆ ಇಳಿಯುವ ಕೆಲಸ ಹದಿನೆಂಟು ವರ್ಷ ಮಾಡಿದ. ಕಳೆದ ಅಕ್ಟೋಬರಿನಲ್ಲಿ ಆಳದಿಂದ ಒಂದೇ ಉಸಿರಿಗೆ ಮೇಲೆ ಬಂದ. ಹಾಗೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದಂತೆ. ಸೊಂಟದ ಕೆಳಗೆ ಎಲ್ಲ ಸತ್ತುಹೋಯಿತು. ಅಂದಿನಿಂದ ಗೋಡೆಗೆ ಮುಖ ಹಾಕಿ ಮಲಗಿದ್ದಾನೆ. ಬೆನ್ನಿನ ಬುಡದಲ್ಲಿ ಹುಣ್ಣಾಗಿದೆ. ದಿನಕ್ಕೆ ನಾಲ್ಕು ಸಲ ಎದ್ದು ಕುರ್ಚಿಯಲ್ಲಿ ಕೂರಬೇಕು, ಕೂರದಿದ್ದರೆ ಹುಣ್ಣು ಮೂಳೆಗೆ ಇಳಿಯುತ್ತದೆ, ಇಳಿದ ಮೇಲೆ ನಮ್ಮ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಇವತ್ತಿನವರೆಗೆ ಒಂದು ಸಲವೂ ಕೂತಿಲ್ಲ. ಎತ್ತಲು ಹೋದರೆ ಮೈಯನ್ನು ಹಸಿ ಉಪ್ಪಿನ ಮೂಟೆಯ ಹಾಗೆ ಭಾರ ಮಾಡುತ್ತಾನೆ.

“ಅವ್ರಿಗೆ ನೋಡೋಕೆ ಏನಾದ್ರೂ ಬೇಕಲ್ಲ ಅಮ್ಮಾ, ಗೋಡೆ ಬಿಟ್ಟು” ಅಂದಳು ಥಾಮ್. ನೋಡಲು ನಾನಿಲ್ಲವೇ ಎಂದು ಕೇಳಬೇಕೆಂದಿದ್ದೆ.

ಮಾರ್ಚ್ 6, ಸೋಮವಾರ

ನೂರ ಅರುವತ್ತೆಂಟು.

ಡ್ರಮ್ಮುಗಟ್ಟಲೆ ಕಡಲ ನೀರು ಸೋಸಿ ತಂದು ಸುರಿದರು. ತಳಕ್ಕೆ ಮರಳು, ನಡುವೆ ಕವಲೊಡೆದ ಕೊಂಬೆ, ಹಡಗಿನ ಹಗ್ಗದ ತುಂಡು, ಬದಿಯಲ್ಲಿ ಗಾಳಿ ಊದುವ ಯಂತ್ರ. ಇಷ್ಟಾದರೂ ತಾಳಿಕೊಂಡೆ. ಆಮೇಲೆ ಥಾಮ್ ಒಂದು ಸತ್ತ ಸಿಗಡಿಯನ್ನು ಆ ಬರೀ ನೀರಿಗೆ ಹಾಕಿ ಕೈ ಒರೆಸಿಕೊಂಡಳು. ಕೊಳೆಯಲಿ ಅಂತ. ಕಣ್ಣಿಗೆ ಕಾಣದ ಜೀವಿಗಳು ಮೊದಲು ನೀರಿನಲ್ಲಿ ಹುಟ್ಟಿಕೊಳ್ಳಬೇಕಂತೆ. ಮುಂದೆ ಕುದುರೆ ಮಾಡುವ ಗಲೀಜಿನ ವಿಷವನ್ನು ತಿನ್ನುವುದು ಅವುಗಳ ಕೆಲಸವಂತೆ. ಒಂದು ತಿಂಗಳು ಹೀಗೇ ಬಿಡಬೇಕು.

“ಒಂದು ತಿಂಗಳು ಕೊಳೆಸೋದಾದ್ರೆ ಜಾಡೀಲಿ ಕೊಳೆಸು, ಊಟಕ್ಕೆ ಮೀನಿನ ಸಾಸ್ ಆದ್ರೂ ಆಗುತ್ತೆ” ಅಂದೆ.

ಅವಳು ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ಮಾರ್ಚ್ 15, ಬುಧವಾರ

ನೂರ ಎಪ್ಪತ್ತೆರಡು. ನಾತ. ಸಿಗಡಿ ಹಿಂಜಿದ ಹತ್ತಿಯ ಹಾಗಾಗಿದೆ. ಗಾಜಿಗೆಲ್ಲ ಕಂದು ಲೋಳೆ, ಶೀತವಾದ ಮಗುವಿನ ಮೂಗಿನ ಹಾಗೆ. ಊಟ ಸೇರುವುದಿಲ್ಲ.

ಕಿಯೆನ್‌ನ ಹುಣ್ಣು ತೊಳೆದೆ. ಬೆರಳಿನ ಒಂದು ಗೆಣ್ಣಿನಷ್ಟು ಆಳ. ಬಟ್ಟೆ ಬದಲಿಸಿ ಅನ್ನಕ್ಕೆ ಇಟ್ಟೆ.

ಮಾರ್ಚ್ 23, ಗುರುವಾರ

ಲೋಳೆ ಹಸಿರಾಯಿತು. ಅದು ಒಳ್ಳೆಯ ಲಕ್ಷಣವಂತೆ. ಮರಳಿನೊಳಗಿಂದ ಒಂದು ಹುಳ ತಲೆ ಹಾಕಿತು, ಗೇಣುದ್ದ, ಎರಡೂ ಬದಿಗೆ ಬಿಳಿ ರೋಮ. ಥಾಮ್‌ಗೆ ತೋರಿಸಿದರೆ ಅದೂ ಒಳ್ಳೆಯದೇ, ಕಸ ತಿನ್ನುತ್ತದೆ ಅಂತಾಳೆ. ಅವಳಿಗೆ ಯಾವುದು ಕೆಟ್ಟದ್ದು ಎಂದು ಒಮ್ಮೆ ಕೇಳಬೇಕು.

ಯಂತ್ರ ಹಗಲೂ ರಾತ್ರಿ ಗುಂಯ್ ಅನ್ನುತ್ತದೆ. ಕಿಯೆನ್ ಗೋಡೆಯ ಕಡೆಯಿಂದಲೇ “ಅದನ್ನ ಆರಿಸಿ” ಅಂದ. ಮೂರು ದಿನದಲ್ಲಿ ಆಡಿದ ಮಾತು ಅದೊಂದೇ. ಥಾಮ್ ಕೇಳಿಸದವಳ ಹಾಗೆ ಅಂಗಿ ಮಡಚುತ್ತಿದ್ದಳು. ಎಂಥ ಹೆಂಡತಿ.

ಏಪ್ರಿಲ್ 9, ಭಾನುವಾರ

ಕುದುರೆಗಳು ಬಂದವು. ಗಂಡೊಂದು ಹೆಣ್ಣೊಂದು. ಥಾಮ್‌ಳ ಕೇಂದ್ರದಲ್ಲೇ ಹುಟ್ಟಿ ಬೆಳೆದವು, ಕಡಲನ್ನು ಕಂಡಿಲ್ಲ. ಗಾಳಿ ತುಂಬಿದ ಚೀಲದೊಳಗೆ ಒಂದರ ಬಾಲಕ್ಕೆ ಇನ್ನೊಂದು ಬಾಲ ಸುತ್ತಿಕೊಂಡಿದ್ದವು.

ನಾನು ಇವನ್ನು ಇಷ್ಟು ವರ್ಷ ನೋಡಿದ್ದು ಒಣಗಿಸಿದ್ದು, ಇಲ್ಲವೇ ಸೊಂಟಕ್ಕೆ ಬಲ ಬರಲೆಂದು ಸಾರಾಯಿಯ ಜಾಡಿಯಲ್ಲಿ ನೆನೆಹಾಕಿದ್ದು. ಅಲ್ಲಿ ಮರ್ಯಾದೆಯಾಗಿ ಕಾಣುತ್ತವೆ. ಜೀವ ಇದ್ದಾಗ ಥೂ. ಕುದುರೆಯ ಮೂತಿ, ಮಂಗನ ಬಾಲ, ಒಣ ಬೆಂಡೆಕಾಯಿಯ ಮೈ. ಒಂದು ಕಣ್ಣು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಈಜಲು ಬರುವುದಿಲ್ಲ. ಹಗ್ಗಕ್ಕೆ ಬಾಲ ಸುತ್ತಿ ನೇತಾಡುತ್ತವೆ, ಅಷ್ಟೇ ಕೆಲಸ. ಹೊಟ್ಟೆಯೂ ಇಲ್ಲವಂತೆ. ತಿಂದದ್ದು ನಿಲ್ಲುವುದಿಲ್ಲ, ಸೀದಾ ಹಿಂದಿನಿಂದ ಹೋಗುತ್ತದೆ. ಆದ್ದರಿಂದ ದಿನಕ್ಕೆ ನಾಲ್ಕು ಸಲ ತಿನ್ನಿಸಬೇಕು. ಯಾರು? ಥಾಮ್ ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಸಂಜೆ ಐದಕ್ಕೆ.

ನಲವತ್ತೊಂದು ವರ್ಷ ಹೋನ್ ಖೋಯ್ ಊರಿನ ಉಪ್ಪಿನ ಆಗರದಲ್ಲಿ ಅಡ್ಡೆ ಹೊತ್ತು ಉಪ್ಪು ಸಾಗಿಸಿದ ಹೆಗಲು ಇದು. ಈಗ ಮಂಜುಗಡ್ಡೆಯಲ್ಲಿಟ್ಟ ಸೊಳ್ಳೆಯಷ್ಟು ಸಿಗಡಿಯನ್ನು ಕರಗಿಸಿ, ಚಿಮುಟದಲ್ಲಿ ಹಿಡಿದು, ಬೆಂಡೆಕಾಯಿಯ ಮೂತಿಗೆ ಇಡಬೇಕು.

ಏಪ್ರಿಲ್ 13, ಗುರುವಾರ

ಬೆಳಿಗ್ಗೆ ಎದ್ದ ಕೂಡಲೇ ಎರಡೂ ಎದುರಾ ಎದುರು ಬಂದು ಬಣ್ಣ ಬದಲಿಸಿಕೊಂಡು ಕುಣಿಯುತ್ತವೆ. ಗಂಡಿನ ಹೊಟ್ಟೆಯ ಮೇಲೆ ಚೀಲ ಇದೆ. ಅದನ್ನು ಊದಿಸಿ ಹೆಣ್ಣಿಗೆ ತೋರಿಸುತ್ತದೆ. ಬಸಿರಾಗುವುದು ಅದೇ ಅಂತೆ. ಮುದುಕಿ ನೋಡಬಾರದ್ದು.

ಎರಡು ದಿನದಿಂದ ಕಿಯೆನ್ ಈ ಕಡೆಗೆ ಹೊರಳಿ ಮಲಗುತ್ತಿದ್ದಾನೆ, ನಾನು ಹೊರಳಿಸದೆಯೇ. ಗಂಜಿ ಕುಡಿಸಲು ಈಗ ನಾನು ಮಂಚಕ್ಕೂ ಪೆಟ್ಟಿಗೆಗೂ ನಡುವೆ ಅಡ್ಡಡ್ಡ ನುಗ್ಗಬೇಕು. ಸೊಂಟ ನೋವು. ಎತ್ತಿ ಕೂರಿಸಲು ಹೋದೆ, ಮತ್ತೆ ಅದೇ ಮೂಟೆ. “ಬಿಡಮ್ಮಾ” ಅಂದ.

ನೂರ ಅರುವತ್ತು.

ಏಪ್ರಿಲ್ 21, ಶುಕ್ರವಾರ

ಮೈದುನ ಉತ್ ಬಂದಿದ್ದ. ತೀರಿಹೋದ ನನ್ನ ಗಂಡನ ಕೊನೆಯ ತಮ್ಮ. ಹನ್ನೊಂದು ಗಂಟೆಗೇ ಬಾಯಿ ನಾರುತ್ತಿತ್ತು. ಪೆಟ್ಟಿಗೆಯ ಸುತ್ತ ಹಂದಿ ಕೊಳ್ಳಲು ಬಂದವನ ಹಾಗೆ ಸುತ್ತಿದ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಗುಟ್ಟು ಹೇಳಿದ.

“ಅತ್ತಿಗೆ, ಒಣಗಿದ್ರಲ್ಲಿ ಸತ್ವ ಎಲ್ಲಿರುತ್ತೆ? ಜೀವ ಇರೋ ಜೋಡೀನ ಹಾಗೇ ಸಾರಾಯಿಗೆ ಬಿಡ್ಬೇಕು. ಅದು ಒದ್ದಾಡ್ತಾ ಬಿಡೋ ಶಕ್ತಿ ಇದ್ಯಲ್ಲ, ಅದೇ ಸೊಂಟಕ್ಕೆ ಇಳಿಯೋದು. ಹುಡುಗ ಎದ್ದು ನಡೀತಾನೆ.”

“ಅಕ್ಟೋಬರಿಂದ ಎರಡು ಜಾಡಿ ಕುಡಿಸಿದೀನಿ. ಒಂದು ಕಾಲ್ಬೆರಳು ಅಲ್ಲಾಡಿಲ್ಲ. ನೀನು ಮೂವತ್ತು ವರ್ಷದಿಂದ ಕುಡೀತಿದೀಯ, ನಿಂಗೇನ್ ಬಂತು? ಹೆಂಡ್ತಿ ಓಡ್ಹೋದ್ಲು” ಅಂದೆ.

ಅವನು ನಗುತ್ತಲೇ ಹೋದ. ಮರೆಯದೆ ಒಂದು ಲೋಟ ಕುಡಿದೇ ಹೋದ.

ಬರೆದುಬಿಡುತ್ತೇನೆ. ಅವನು ಹೋದ ಮೇಲೆ ಜಾಲರಿ ಸೌಟು ತೆಗೆದುಕೊಂಡು ಪೆಟ್ಟಿಗೆಯ ಮುಂದೆ ನಿಂತೆ. ಎದ್ದು ನಡೀತಾನೆ ಎಂದು ಅವನು ಹೇಳಿದ ಮಾತು ಕಿವಿಯಲ್ಲಿ ಕೂತಿತ್ತು. ಮುಚ್ಚಳ ಸರಿಸಿ ಕೈ ಇಳಿಸಿದೆ. ಗಂಡು ಕುದುರೆ ಓಡಬೇಕಲ್ಲ, ಓಡಲಿಲ್ಲ. ಊಟ ಬಂತೆಂದು ಬಂದು ನನ್ನ ಕಿರುಬೆರಳಿಗೆ ಬಾಲ ಸುತ್ತಿತು. ತಣ್ಣಗೆ, ಗಂಟುಗಂಟಾಗಿ, ಜಪಮಣಿಯ ಸರದ ಹಾಗೆ. ಮೈಯೆಲ್ಲ ಮುಳ್ಳೆದ್ದಿತು.

“ಬೇಡಮ್ಮಾ” ಅಂದ ಕಿಯೆನ್ ಮಂಚದಿಂದ. ಎಲ್ಲ ಕೇಳಿಸಿಕೊಂಡಿದ್ದ.

ಬಾಲ ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆದೆ. ಕಪಾಟಿನಲ್ಲಿದ್ದ ಸಾರಾಯಿ ಜಾಡಿಯನ್ನೂ ಹೊರಗೆ ಸೌದೆಯ ಹಿಂದೆ ಇಟ್ಟೆ. ಒಳಗಿನ ಜೋಡಿ ಕಣ್ಣು ಬಿಟ್ಟುಕೊಂಡಿದೆ, ಇದುವರೆಗೆ ಗಮನಿಸಿರಲಿಲ್ಲ. ಅಸಹ್ಯ.

ಮೇ 2, ಮಂಗಳವಾರ

ಮಧ್ಯಾಹ್ನ ಕರೆಂಟು ಹೋಯಿತು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಕೋಣೆಯಿಂದ ಕಿಯೆನ್ “ಗಾಳಿ, ಅಮ್ಮಾ, ಗಾಳಿ” ಎಂದು ಕೂಗಿದ. ಅವನಿಗೇ ಉಸಿರು ಕಟ್ಟಿತೆಂದು ಬೂದಿ ಕೈಯಲ್ಲೇ ಓಡಿದೆ. ಕಿಟಕಿಯ ಸರಳು ಹಿಡಿದು ಅರ್ಧ ಎದ್ದಿದ್ದ. ಮುಖದಲ್ಲಿ ರಕ್ತ ಇರಲಿಲ್ಲ. ಬೆರಳು ಪೆಟ್ಟಿಗೆಯ ಕಡೆ ಇತ್ತು. ಯಂತ್ರ ನಿಂತಿತ್ತು.

ಸೌಟಿನಲ್ಲಿ ನೀರೆತ್ತಿ ಮೇಲಿಂದ ಸುರಿಯಬೇಕಂತೆ, ಹಾಗೆ ಬೀಳುವಾಗ ನೀರಿಗೆ ಗಾಳಿ ಸೇರುತ್ತದಂತೆ. ಸುರಿದೆ. ಇನ್ನೂ ಮೇಲಿಂದ ಸುರಿ ಅಂದ. ಒಂದೂಕಾಲು ಗಂಟೆ ಸುರಿದೆ. ಅವನು ಸರಳು ಬಿಡದೆ ನೋಡುತ್ತಲೇ ಇದ್ದ. ಅಕ್ಟೋಬರಿನಲ್ಲಿ ದೋಣಿಯ ಗಾಳಿಯಂತ್ರ ನಿಂತದ್ದಕ್ಕೇ ತಾನು ಹಾಗೆ ಮೇಲಕ್ಕೆ ಧಾವಿಸಿದ್ದು ಎಂದು ಆ ಹೊತ್ತಿನಲ್ಲಿ ಹೇಳಿದ. ನನಗೆ ಬೆನ್ನು ಕೊಟ್ಟು ಏಳು ತಿಂಗಳು ಮಲಗಿದವನು, ನಾನು ಸೌಟು ಹಿಡಿದು ನಿಂತಾಗ ಹೇಳಿದ.

ಕರೆಂಟು ಬಂದಿತು. ಅವನು ಮತ್ತೆ ಬಿದ್ದುಕೊಂಡ. ನನ್ನ ರವಿಕೆಯೆಲ್ಲ ಆ ಲೋಳೆ ನೀರು. ಎಷ್ಟು ಒಗೆದರೂ ವಾಸನೆ ಹೋಗಲಿಲ್ಲ.

ಮೇ 11, ಗುರುವಾರ

ಕೇಂದ್ರದಲ್ಲಿ ಸಿಗಡಿ ಮರಿಯಾಗುವ ಸಮಯ, ಥಾಮ್ ಹತ್ತು ದಿನ ಅಲ್ಲೇ ತಂಗುತ್ತಾಳೆ. ಹೋಗುವ ಮೊದಲು ನೂರು ಮಾತು ಹೇಳಿದಳು. ಸೆಕೆಗೆ ನೀರು ಬಿಸಿಯಾಗದ ಹಾಗೆ ಮೇಲೆ ಸಣ್ಣ ಫ್ಯಾನು ಹಾಕಿದ್ದಾಳೆ. ಆ ಗಾಳಿಗೆ ನೀರು ದಿನಕ್ಕೊಂದು ಬೆರಳು ಇಳಿಯುತ್ತದೆ. ಗಾಜಿನ ಮೇಲೆ ಉಗುರುಬಣ್ಣದ ಕೆಂಪು ಗೆರೆ ಹಾಕಿದ್ದಾಳೆ. ಅಲ್ಲಿಯವರೆಗೆ ದಿನಾ ನೀರು ತುಂಬಬೇಕು. ತುಂಬುವುದು ಯಾವ ನೀರು? ಕುಡಿಯುವ ಸಿಹಿನೀರು.

ಕಡಲ ಪ್ರಾಣಿಯ ಮನೆಗೆ ಸಿಹಿನೀರು ಸುರಿಯಬೇಕಂತೆ. ಸಾಕಣೆ ಕೇಂದ್ರದಲ್ಲಿ ಕೂತು ಕಡಲನ್ನು ಕಲಿತರೆ ಹೀಗೇ. ನನಗೆ ಹೇಳಿಕೊಡಲು ಬರುತ್ತಾಳೆ. ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಗೆ ಹೋಗಿ ಒಂದು ಬಕೆಟು ಕಡಲ ನೀರು ತಂದೆ, ಬಟ್ಟೆಯಲ್ಲಿ ಸೋಸಿದೆ, ತಂಬಿಗೆಯಲ್ಲಿ ಗೆರೆಯವರೆಗೆ ಸುರಿದೆ. ದಿನಾ ತರುತ್ತೇನೆ. ತಿನ್ನಲಿ, ಕುಡಿಯಲಿ, ತಮ್ಮ ಊರಿನ ನೀರಿನಲ್ಲಿ ಇರಲಿ.

ಮೇ 19, ಶುಕ್ರವಾರ

ಎರಡೂ ತಿನ್ನುತ್ತಿಲ್ಲ. ಬೆಳಿಗ್ಗೆ ಕುಣಿತವೂ ಇಲ್ಲ. ಕೊರಗುತ್ತಿರಬೇಕು, ನನಗೇನು. ಎರಡು ಸಲ ಹೆಚ್ಚು ನೀರು ತಂದೆ, ಹೊಸ ನೀರಿಗೆ ಚುರುಕಾದಾವೆಂದು, ಹಳೆಯದನ್ನು ತೆಗೆದು ಸುರಿದೆ. ಹೆಣ್ಣು ಮರಳಿಗೆ ಇಳಿದು ಅಡ್ಡ ಬಿದ್ದಿದೆ. ಅದರ ಗಂಟಲು ಪಟಪಟ ಹೊಡೆದುಕೊಳ್ಳುತ್ತದೆ.

ಏನು ಹಾಕುತ್ತಿದ್ದೀಯ ಎಂದು ಕಿಯೆನ್ ಕೇಳಿದ. “ನಿನ್ ಹೆಂಡ್ತಿ ಹೇಳಿದ್ದೇ” ಅಂದೆ.

ಮೇ 20, ಶನಿವಾರ

ಹೆಣ್ಣು ಸತ್ತಿತು.

ಅದನ್ನು ಎತ್ತಲು ಮುಚ್ಚಳ ತೆಗೆದಾಗ ಗಾಜಿನ ಅಂಚಿನಲ್ಲಿ ಸುತ್ತಲೂ ಬಿಳಿ ಪಟ್ಟಿ ಕಂಡಿತು. ಉಗುರಿನಲ್ಲಿ ಕೆರೆದೆ. ಪುಡಿಯಾಗಿ ಬಂತು. ನಾಲಿಗೆಗೆ ಇಟ್ಟುಕೊಂಡೆ.

ಉಪ್ಪು.

ಇದನ್ನು ಹೇಗೆ ಬರೆಯಬೇಕೋ ತಿಳಿಯುವುದಿಲ್ಲ. ನಲವತ್ತೊಂದು ವರ್ಷ ನಾನು ಬಿಸಿಲಿನಲ್ಲಿ ನಿಂತು ನೋಡಿದ್ದು ಇದೊಂದನ್ನೇ. ಪಾತಿಗೆ ಕಡಲ ನೀರು ಬಿಡುತ್ತೇವೆ, ಬಿಸಿಲೂ ಗಾಳಿಯೂ ನೀರನ್ನು ಹೊತ್ತುಕೊಂಡು ಹೋಗುತ್ತವೆ, ಉಪ್ಪು ಉಳಿಯುತ್ತದೆ. ಮತ್ತೆ ಕಡಲ ನೀರು ಬಿಡುತ್ತೇವೆ, ಮತ್ತೆ ನೀರು ಹೋಗುತ್ತದೆ, ಉಪ್ಪು ಏರುತ್ತದೆ. ಪಾತಿ ಬಲಿಯುವುದು ಹಾಗೆ. ಬಲಿತ ಪಾತಿಗೆ ಏಡಿಮರಿ ಬಿದ್ದರೆ ಸಂಜೆಯೊಳಗೆ ಬಿಳಿಚಿ ಸಾಯುವುದನ್ನು ಎಷ್ಟು ಸಲ ನೋಡಿದ್ದೇನೆ, ಕುಂಟೆಯಲ್ಲಿ ಎತ್ತಿ ಬದುವಿಗೆ ಎಸೆದಿದ್ದೇನೆ. ಆ ನಾನೇ ಒಂಬತ್ತು ದಿನ ಮಗನ ಕೋಣೆಯಲ್ಲಿ ಪಾತಿ ಕಟ್ಟಿದ್ದೇನೆ. ಒಳಗೆ ಜೀವ ಇಟ್ಟು, ಮೇಲೆ ಫ್ಯಾನು ಹಾಕಿ, ದಿನಾ ಬಕೆಟು ಹೊತ್ತು ತಂದು. ಮೂರನೇ ತರಗತಿಯ ಬುದ್ಧಿಗೂ ತಿಳಿಯಬೇಕಾದದ್ದು. ಸೊಸೆ ಹೇಳಿದಳೆಂಬ ಒಂದೇ ಕಾರಣಕ್ಕೆ ತಿಳಿಯಲಿಲ್ಲ. ಲೋಳೆ, ಹುಳ, ನಾತ ಎಂದು ಈ ಪುಸ್ತಕದ ತುಂಬ ಉಗಿದಿದ್ದೇನೆ. ಆ ಕೋಣೆಯಲ್ಲಿ ಹೇಸಿಗೆ ಪಡಬೇಕಾದದ್ದು ಬಕೆಟು ಹಿಡಿದು ನಿಂತ ನನ್ನನ್ನು ಕಂಡು.

ಮುಚ್ಚಿಡಬಹುದಿತ್ತು. ಸಿಹಿನೀರೇ ಹಾಕಿದ್ದೆ ಅಂದಿದ್ದರೆ ನಂಬುತ್ತಿದ್ದರು. ಆದರೆ ಗಂಡು ಇನ್ನೂ ಉಸಿರಾಡುತ್ತಿತ್ತು. ಕಿಯೆನ್‌ಗೆ ಹೇಳಿದೆ. ಕಡಲ ನೀರು ಹಾಕಿದೆ ಅಂದೆ. ಎಷ್ಟು ದಿನ ಅಂದ. ಅವಳು ಹೋದಾಗಿನಿಂದ ಅಂದೆ.

ಅವನು ನನ್ನನ್ನು ನೋಡಿದ. ಆಮೇಲೆ ಬೈದ. ಅವನ ಅಪ್ಪ ಕೂಡ ನನಗೆ ಹಾಗೆ ಬೈದಿರಲಿಲ್ಲ.

“ಆಗರದಲ್ಲಿ ಹುಟ್ಟಿದವಳು ನೀನು. ನಂಗೆ ಉಪ್ಪು ಬೆಳೆಯೋದು ತೋರಿಸ್ಕೊಟ್ಟವಳು ನೀನು. ಕೈ ತೆಗಿ. ಆ ತಂಬಿಗೆ ಕೆಳಗಿಡು. ಕುರ್ಚಿ ತಾ.”

ಕುರ್ಚಿ ತಂದೆ. ಎತ್ತಲು ಹೋದರೆ ನನ್ನ ಕೈಯನ್ನು ತಳ್ಳಿದ. ಸರಳು ಹಿಡಿದು, ಕುರ್ಚಿಯ ತೋಳು ಹಿಡಿದು, ಬೆವರು ಸುರಿಸಿಕೊಂಡು ತಾನೇ ಜಾರಿ ಕೂತ. ಕಾಲು ನೇತಾಡುತ್ತಿದ್ದವು, ನಾನು ಎತ್ತಿ ದಿಂಬಿನ ಮೇಲಿಟ್ಟೆ. ಅಷ್ಟಕ್ಕೆ ಬಿಟ್ಟ.

ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ಥಾಮ್ ಗೂಟಕ್ಕೆ ನೇತುಹಾಕಿ ಹೋಗಿದ್ದಳು. ನಮ್ಮ ಆಗರದ ಮೇಸ್ತ್ರಿಯ ಹತ್ತಿರವೂ ಇಂಥದೇ ಇತ್ತು. ಕಿಯೆನ್ ಅದನ್ನು ತೇಲಿಬಿಟ್ಟು ಓದಿದ, ತಲೆ ಕೊಡವಿದ. ಒಮ್ಮೆಲೇ ಇಳಿಸಿದರೆ ಉಳಿದದ್ದೂ ಸಾಯುತ್ತದೆ, ಸ್ವಲ್ಪ ಸ್ವಲ್ಪ ಇಳಿಸಬೇಕು ಅಂದ. ಹಿಂದಿನ ದಿನ ತುಂಬಿಟ್ಟ ಸಿಹಿನೀರಿನ ಕೊಡ ಅವನ ಪಕ್ಕಕ್ಕೆ ತಂದಿಟ್ಟೆ. ಒಂದು ಲೋಟ ತೆಗೆಯುವುದು, ಒಂದು ಲೋಟ ಹಾಕುವುದು, ಕಾಯುವುದು. ಎಲ್ಲ ಅವನೇ. ನಾನು ಕೊಡ ಹೊತ್ತೆ, ತೆಗೆದ ನೀರು ಚೆಲ್ಲಿದೆ, ನೆಲ ಒರೆಸಿದೆ. ಕೂತರೆ ಬೆನ್ನಿಗೆ ಸುಸ್ತಾಗುತ್ತದೆ, ಸ್ವಲ್ಪ ಮಲಗು ಅಂದೆ. ಮತ್ತೊಮ್ಮೆ ಬೈದ.

ಮೇ 21, ಭಾನುವಾರ

ಥಾಮ್ ಬಂದಳು. ಒಂದೇ ಕುದುರೆ ಇರುವುದನ್ನು ನೋಡಿದಳು, ಅವನು ಕುರ್ಚಿಯಲ್ಲಿ ಇರುವುದನ್ನು ನೋಡಿದಳು. ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ತಪ್ಪು ನನ್ನದು ಎಂದು ಅಲ್ಲಿಗೇ ಹೋಗಿ ಹೇಳಿದೆ. “ಊಟ ಮಾಡಿದ್ರಾ ಅಮ್ಮಾ?” ಎಂದು ಕೇಳಿದಳು.

ಸತ್ತ ಸುದ್ದಿ ಉತ್‌ಗೆ ಹೇಗೆ ಮುಟ್ಟಿತೋ. ಬಾಟಲಿ ಹಿಡಿದೇ ಬಂದ. ಹೇಗೂ ಸತ್ತಿದೆಯಲ್ಲ, ಕೊಡಿ ಅತ್ತಿಗೆ, ಯಾಕೆ ಹಾಳು ಮಾಡ್ತೀರಿ ಅಂದ. ಪೊರಕೆ ಕೈಯಲ್ಲೇ ಇತ್ತು. ಸೌದೆಯ ಹಿಂದಿನ ಜಾಡಿಯನ್ನೂ ಚರಂಡಿಗೆ ಸುರಿದೆ. ಒಳಗಿದ್ದ ಜೋಡಿಯನ್ನೂ ಹೆಣ್ಣನ್ನೂ ಒಂದೇ ಎಲೆಯಲ್ಲಿ ಸುತ್ತಿ ಧಕ್ಕೆಯಿಂದ ನೀರಿಗೆ ಬಿಟ್ಟು ಬಂದೆ. ಈ ವಯಸ್ಸಿನಲ್ಲಿ ಮೀನಿನ ಹೆಣ ಹೊತ್ತು ಬೀದಿಯಲ್ಲಿ ನಡೆದೆ. ಜನ ನೋಡಿದರು. ನೋಡಲಿ.

ಜೂನ್ 6, ಮಂಗಳವಾರ

ಗಂಡು ಉಳಿದುಕೊಂಡಿತು. ಇಂದಿಗೂ ಅದು ಚೆಂದವಿಲ್ಲ.

ಪೆಟ್ಟಿಗೆಯ ಹತ್ತಿರ ನಾನು ಹೋಗುವ ಹಾಗಿಲ್ಲ. ನಾಲ್ಕು ಹೊತ್ತಿನ ಊಟವನ್ನೂ ಕಿಯೆನ್ ತಾನೇ ಕೊಡುತ್ತಾನೆ. ನಾಲ್ಕು ಸಲ ಎದ್ದು ಕುರ್ಚಿಗೆ ಇಳಿಯುತ್ತಾನೆ, ನಾಲ್ಕು ಸಲ ಏರುತ್ತಾನೆ. ಕುರ್ಚಿ ಬಾಗಿಲಿಗೆ ಅಡ್ಡ. ಗುಡಿಸಲು ಆಗುವುದಿಲ್ಲ, ಮೂಲೆಯಲ್ಲೆಲ್ಲ ಸಿಗಡಿ ಸಿಪ್ಪೆ. ಹೇಳಿದರೆ ಮುಖ ಗಂಟಿಕ್ಕುತ್ತಾನೆ. ಗಂಜಿ ನೀರಾಯಿತು, ಮೀನಿಗೆ ಖಾರ ಸಾಲದು ಅಂತಾನೆ. ಮೂರು ಬಟ್ಟಲು ತಿಂದ ಮೇಲೆ ಈ ಮಾತು.

ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಹುಣ್ಣನ್ನು ಒತ್ತಿ ನೋಡಿದರು. ತಳ ತುಂಬಿಕೊಂಡಿದೆ, ಅಂಚಿನಿಂದ ಹೊಸ ಚರ್ಮ ಬರುತ್ತಿದೆ, ಹೀಗೇ ಕೂತರೆ ಮೂಳೆಗೆ ಭಯವಿಲ್ಲ ಅಂದರು. ಅಷ್ಟು ಹಟ ಮಾಡುತ್ತಿದ್ದವನನ್ನು ಯಾರು ಕೂರಿಸಿದ್ದು ಎಂದು ನನ್ನ ಕಡೆ ನೋಡಿದರು.

“ಯಾರೂ ಕೂರಿಸ್ಲಿಲ್ಲ. ನಾನು ಮತ್ತೆ ಏನಾದ್ರೂ ಸುರಿದುಬಿಡ್ತೀನಿ ಅಂತ ಕೂತಿರ್ತಾನೆ” ಅಂದೆ.

ಡಾಕ್ಟರು ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆ.

ಜೂನ್ 14, ಬುಧವಾರ

ಇವತ್ತು ಬೆಳಿಗ್ಗೆ ಅವನು ಏಳಲಿಲ್ಲ. ಥಾಮ್ ಕೆಲಸಕ್ಕೆ ಹೋಗಿದ್ದಳು. ನಿನ್ನೆ ಅವನ ಹಳೆಯ ದೋಣಿಯವರು ಬಂದು ಜೋರಾಗಿ ಮಾತಾಡಿ ಹೋಗಿದ್ದರು, ಹೊಸ ದೋಣಿ ಇಳಿಸುತ್ತಾರಂತೆ. ಅವರ ಬಾಯಿಗೆ ಮಣ್ಣು ಹಾಕ. ಮತ್ತೆ ಗೋಡೆಗೆ ಮುಖ. ಎಂಟಾಯಿತು, ಎಂಟೂವರೆ ಆಯಿತು. ಕುದುರೆ ಗಾಜಿಗೆ ಮೂತಿ ಒತ್ತಿಕೊಂಡು ಊಟಕ್ಕೆ ಕಾಯುತ್ತಿತ್ತು. ಕರೆದೆ. ಹೆಗಲು ಹಿಡಿದೆ, ಮೂಟೆ.

ಅಡುಗೆಮನೆಗೆ ಹೋಗಿ ತಂಬಿಗೆ ತಂದೆ. ಚಪ್ಪಲಿ ಎಳೆದುಕೊಂಡು, ಅವನ ಬೆನ್ನ ಹಿಂದೆಯೇ ನಡೆದು, ಪೆಟ್ಟಿಗೆಯ ಮುಚ್ಚಳವನ್ನು ಸದ್ದಾಗುವ ಹಾಗೆ ಸರಿಸಿದೆ.

“ಏನಮ್ಮಾ ಅದು ಕೈಯಲ್ಲಿ?”

“ನೀರು.”

“ಯಾವ ನೀರು?”

“ನೀರು ಅಂದ್ರೆ ನೀರು. ಯಾವುದೋ ಒಂದು.”

ಮಂಚ ಕಿರುಗುಟ್ಟಿತು. ಸರಳಿಗೆ ಕೈ ಬಿತ್ತು. ಬಾಯಿಗೆ ಬಂದದ್ದೆಲ್ಲ ಬೈಯುತ್ತ ಇಳಿದು ಕುರ್ಚಿಗೆ ಬಂದ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ನಾನು ತಂಬಿಗೆಯನ್ನು ಹಿಂದಕ್ಕೆ ತಂದು ಅಡುಗೆಮನೆಯ ಗೂಟಕ್ಕೆ ಬೋರಲು ಹಾಕಿದೆ. ಅದರಲ್ಲಿ ಒಂದು ಹನಿಯೂ ಇರಲಿಲ್ಲ.